ಒಂದೂಮುಕ್ಕಾಲು ಪೌಂಡಿನ ಕೋಲು

ನಮ್ಮ ಮನೆಯಲ್ಲಿ ಜೇಡರ ಬಲೆ ತೆಗೆಯುವ ಕೋಲು ಇಂಗ್ಲೆಂಡಿನದು. ಜಂಬಕ್ಕೆ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ. ಹನ್ನೆರಡು ಅಡಿ ಉದ್ದ, ಕಪ್ಪು ಬಣ್ಣ, ಹಿಡಿಯ ಸುತ್ತ ಬೆಂಡು, ಬೆಂಡಿನ ಮೇಲುಗಡೆ ಬಂಗಾರದ ಅಕ್ಷರಗಳಲ್ಲಿ 'ಕಾರ್ಪ್, ಮೂರೂವರೆ ಪೌಂಡು' ಎಂಬ ಇಂಗ್ಲಿಷ್ ಬರಹ. ಮನೆಗೆಲಸದ ಮುನಿಯಮ್ಮ ಅದರ ತುದಿಗೆ ನನ್ನ ಹಳೆಯ ಬನಿಯನ್ನು ಸುತ್ತಿ ಹಾಲಿನ ಮೂಲೆಗಳನ್ನೆಲ್ಲ ಗುಡಿಸುತ್ತಾಳೆ. ಮೊನ್ನೆ ಅವಳು ಕೋಲನ್ನು ಗೋಡೆಗೆ ಒರಗಿಸಿ, "ಎನ್ನ ಸಾರ್ ಇದು, ವಳೈಯವೇ ಮಾಟೇಂಗುದು" ಎಂದು ಬೈದಳು. ಇದೆಂಥ ಕೋಲು, ಬಾಗುವುದೇ ಇಲ್ಲವಲ್ಲ ಎಂಬುದು ಅವಳ ದೂರು. ಎರಡು ನಿಮಿಷದಲ್ಲಿ ಅವಳಿಗೆ ಹೊಳೆದದ್ದು ನನಗೆ ಹೊಳೆಯಲು ಎರಡು ವಾರ ಹಿಡಿದಿತ್ತು.

ಮೀನು ಹಿಡಿಯುವ ಕೋಲು ಜೇಡರ ಬಲೆಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ನಿವೃತ್ತಿಯಾದವರಿಗೆ ಇದೊಂದು ಸವಲತ್ತು.

ನಾನು ವಿಮೆ ಆಫೀಸಿನಲ್ಲಿದ್ದವನು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಮೈಸೂರಿನಿಂದ ಚೆನ್ನೈಗೆ ವರ್ಗವಾಗಿ, ವೇಲಚೇರಿಯಲ್ಲಿ ಒಂದು ಫ್ಲ್ಯಾಟ್ ಹಿಡಿದೆವು. ಬೇಸಿಗೆಯಲ್ಲಿ ಅಲ್ಲಿ ನೀರು ಲಾರಿಯಲ್ಲಿ ಬರುತ್ತಿತ್ತು. ಮಳೆಗಾಲದಲ್ಲಿ ತಾನೇ ನಡೆದುಕೊಂಡು ಬರುತ್ತಿತ್ತು, ಒಮ್ಮೊಮ್ಮೆ ಮೀನನ್ನೂ ಕರೆದುಕೊಂಡು ಮೆಟ್ಟಿಲವರೆಗೆ ಬರುತ್ತಿತ್ತು. ಆಗೆಲ್ಲ ಹಿಡಿಯಬೇಕೆಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ಅನ್ನಿಸಿದ್ದು ಮಾವನವರು ಬಂದ ಮೇಲೆ. ನನ್ನ ಹೆಂಡತಿ ಸುಜಾತಳ ತಂದೆ ರೈಲ್ವೆಯಲ್ಲಿ ಟ್ರೇನ್ ಎಕ್ಸಾಮಿನರ್ ಆಗಿದ್ದವರು. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದು ಚಕ್ರಕ್ಕೂ ಟಣ್ ಎಂದು ಬಡಿದು, ಸದ್ದು ಕೇಳಿಯೇ ಚಕ್ರದ ಯೋಗಕ್ಷೇಮ ಹೇಳುವ ಕೆಲಸ ಅದು. ಮೂವತ್ತು ವರ್ಷ ಅದನ್ನೇ ಮಾಡಿ, ನಿವೃತ್ತರಾಗಿ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿ, ದಿನಾ ಬೆಳಗ್ಗೆ ಕಾವೇರಿಗೆ ಗಾಳ ಹಾಕಿಕೊಂಡು ಕೂತಿದ್ದರು. ಒಂದು ಬೆಳಗ್ಗೆ ಗಾಳ ಎತ್ತಲು ಹೋದರೆ ಬಲಗೈ ಏಳಲಿಲ್ಲ. ಲಕ್ವ ಎಂದರು. ಅತ್ತೆ ಮೊದಲೇ ತೀರಿಕೊಂಡಿದ್ದರು. ಚಿಕಿತ್ಸೆಗೆಂದು ಮಾವನನ್ನು ಚೆನ್ನೈಗೆ ಕರೆತಂದೆವು.

ಕಾಲು, ಮಾತು ಬೇಗ ಸರಿಹೋದವು. ಕೈ ಮಾತ್ರ ಹಾಗೇ ಉಳಿಯಿತು. ಡಾಕ್ಟರು ಸುಜಾತಳನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, ನರ ಸತ್ತಿಲ್ಲ, ಕೈಯಲ್ಲಿ ಏನಾದರೂ ಹಿಡಿಸುತ್ತಲೇ ಇರಿ, ಈ ಕೆಲವು ತಿಂಗಳಲ್ಲಿ ಎಷ್ಟು ಬರುತ್ತದೋ ಅಷ್ಟು, ಆಮೇಲೆ ಕಷ್ಟ ಎಂದರು. ಹಿಸುಕುವುದಕ್ಕೆ ಒಂದು ಕೆಂಪು ರಬ್ಬರ್ ಚೆಂಡು ಕೊಟ್ಟರು. ಮಾವ ಮನೆಗೆ ಬಂದು ಅದನ್ನು ಟೀವಿಯ ಮೇಲಿಟ್ಟರು.

"ಚೆಂಡಾಡೋ ವಯಸ್ಸಾ ಕಣವ್ವ ನಂದು?" ಎಂದು ಮಗಳನ್ನು ಕೇಳಿದರು. ಆಮೇಲೆ ಆ ಕೈಯನ್ನು ಟವೆಲಿನೊಳಗೆ ಇಟ್ಟುಬಿಟ್ಟರು. ಚೆನ್ನೈನ ಮೇ ತಿಂಗಳಲ್ಲಿ, ಗೋಡೆ ಕೂಡ ಬೆವರುವ ಹೊತ್ತಿನಲ್ಲಿ, ಮಾವನ ಬಲಗೈ ಮಾತ್ರ ದಪ್ಪ ಟವೆಲ್ ಹೊದ್ದುಕೊಂಡಿರುತ್ತಿತ್ತು. ನಾವೆಲ್ಲ ಎದ್ದ ಮೇಲೆ ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಿದ್ದರು. ಸುಜಾತ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಲಾರಿಯ ನೀರನ್ನು ನಲ್ಲಿಗೆ ಬಿಡುತ್ತಿದ್ದದ್ದು ಬೆಳಗ್ಗೆ ಆರರಿಂದ ಏಳು, ಹಾಗಾಗಿ ಅಳುವುದನ್ನೂ ಆ ಒಂದು ಗಂಟೆಯಲ್ಲೇ ಮುಗಿಸಿಕೊಳ್ಳಬೇಕಾಗಿತ್ತು.

ಒಂದು ಭಾನುವಾರ ಅವಳು ಬಾಲ್ಕನಿಯಿಂದ ಓಡಿ ಬಂದಳು. "ರೀ, ಬನ್ರೀ ಇಲ್ಲಿ! ಅಪ್ಪನ ಕೈ ಆಡ್ತಿದೆ!"

ಮನೆಯೆದುರಿನ ಕೆರೆಯ ಏರಿಯ ಮೇಲೆ ಯಾರೋ ಗಾಳ ಹಾಕಿ ಕೂತಿದ್ದ. ಅವನಿಗಿಂತ ಸ್ವಲ್ಪ ಹಿಂದೆ ಮಾವ ನಿಂತಿದ್ದರು. ಗಾಳದ ಬೆಂಡು ನೀರಿನಲ್ಲಿ ಕುಣಿದಾಗಲೆಲ್ಲ ಟವೆಲಿನೊಳಗೆ ಏನೋ ಮಿಸುಕುತ್ತಿತ್ತು. ನಾವಿಬ್ಬರೂ ಬಾಲ್ಕನಿಯ ಕಂಬಿ ಹಿಡಿದುಕೊಂಡು ಆ ಟವೆಲನ್ನೇ ನೋಡುತ್ತ ನಿಂತೆವು. ಹಾಗೆ ನೋಡುತ್ತಿದ್ದಾಗಲೇ ಮಾವನಿಗೆ ಒಂದು ಒಳ್ಳೆಯ ಗಾಳದ ಕೋಲು ತರುವುದೆಂದು ತೀರ್ಮಾನವಾಯಿತು.

ಗಾಳದ ವಿಷಯದಲ್ಲಿ ನನ್ನ ಅನುಭವ ಇಷ್ಟೇ. ನಂಜನಗೂಡಿನಲ್ಲಿ ಅಜ್ಜಿಯ ಮನೆಗೆ ಹೋದಾಗ ಕಪಿಲೆಯ ಸ್ನಾನಘಟ್ಟದಲ್ಲಿ ಪಿನ್ನು ಬಗ್ಗಿಸಿ, ಇಡ್ಲಿಯ ಚೂರು ಸಿಕ್ಕಿಸಿ ಎಸೆದಿದ್ದೆ. ಎಸೆದ ತಕ್ಷಣ ಭಾರವಾದದ್ದು ಸಿಕ್ಕಿತು. ಎಳೆದರೆ ಮುಳುಗು ಹಾಕುತ್ತಿದ್ದ ಒಬ್ಬ ಯಜಮಾನರ ಪಂಚೆ. ಅವರು ನೀರಿನಿಂದ ಮೇಲೆ ಬರುವ ಸ್ಥಿತಿಯಲ್ಲಿರಲಿಲ್ಲ, ಅದರಿಂದ ಬಚಾವಾದೆ. ಗಾತ್ರದಲ್ಲಿ ಆ ದಾಖಲೆಯನ್ನು ನಾನು ಇವತ್ತಿಗೂ ಮುರಿದಿಲ್ಲ.

ಚೆನ್ನೈನ ಹಳೆಯ ಪೇಟೆ ಪ್ಯಾರಿಸ್ ಕಾರ್ನರಿನ ಒಂದು ಸಂದಿಯಲ್ಲಿ ಬಲೆ, ಹಗ್ಗ, ಸೀಸದ ಗುಂಡು ಮಾರುವ ಅಂಗಡಿಯಿತ್ತು. ಮಾಲೀಕರು ವಯಸ್ಸಾದ ಒಬ್ಬ ಭಾಯ್. ಅವರ ಗಿರಾಕಿಗಳೆಲ್ಲ ಎಣ್ಣೂರಿನ ಕಡೆಯ ಕಡಲ ಮೀನುಗಾರರು. ಟೈ ಕಟ್ಟಿದವನೊಬ್ಬ, ಟವೆಲ್ ಹೊದ್ದವರೊಬ್ಬರು ಒಟ್ಟಿಗೆ ಬಂದದ್ದನ್ನು ನೋಡಿ ಆತ ಎದ್ದೇ ನಿಂತರು. ಕೆರೆಯ ಗೆಂಡೆ, ಅಂದರೆ ಕಾರ್ಪ್ ಮೀನಿಗೆ ಕೋಲು ಬೇಕು ಎಂದೆ. ನಮ್ಮ ಗೆಂಡೆ ಅವರ ಬಾಯಲ್ಲಿ ಕೆಂಡೈ, ಅದರಲ್ಲೇನೂ ತೊಂದರೆಯಾಗಲಿಲ್ಲ. ಎಣ್ಣೂರಿನ ವಿದ್ಯುತ್ ಸ್ಥಾವರದ ಕೆಲಸಕ್ಕೆ ಬಂದಿದ್ದ ಒಬ್ಬ ವೆಳ್ಳೈಕಾರ, ಅಂದರೆ ಬಿಳಿಯ, ಊರಿಗೆ ಹೋಗುವಾಗ ಕೊಟ್ಟು ಹೋದವು ಎಂದು ಮೂರು ಕೋಲು ತೆಗೆದಿಟ್ಟರು. ಮೂರೂ ಒಂದೇ ಉದ್ದ, ಒಂದೇ ಬಣ್ಣ. ಒಂದರ ಮೇಲೆ ಒಂದೂಮುಕ್ಕಾಲು ಪೌಂಡು, ಇನ್ನೊಂದರ ಮೇಲೆ ಎರಡೂಮುಕ್ಕಾಲು, ಮತ್ತೊಂದರ ಮೇಲೆ ಮೂರೂವರೆ ಎಂದಿತ್ತು.

ನನಗೂ ಮಾವನಿಗೂ ಮದುವೆಯ ದಿನದಿಂದ ಯಾವ ವಿಷಯದಲ್ಲೂ ಒಮ್ಮತವಿರಲಿಲ್ಲ. ಕಾಫಿಗೆ ಎಷ್ಟು ಸಕ್ಕರೆ ಎಂಬುದರಲ್ಲೂ ಇರಲಿಲ್ಲ. ಅಂದು ಆ ಅಂಗಡಿಯಲ್ಲಿ ಮೊದಲ ಸಲ ನಾವಿಬ್ಬರೂ ಒಂದೇ ಉಸಿರಿಗೆ ಒಪ್ಪಿದೆವು. ರೈಲ್ವೆಯಲ್ಲಿ ಪ್ರತಿ ವ್ಯಾಗನ್ನಿನ ಮೇಲೂ ಇಷ್ಟು ಟನ್ನು ಎಂದು ಬಣ್ಣದಲ್ಲಿ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ಹೇರಿದರೆ ಮಾವ ಗಾಡಿ ಬಿಡುತ್ತಿರಲಿಲ್ಲ. ವಿಮೆಯಲ್ಲಿ ಪಾಲಿಸಿಯ ಮೇಲೆ ಇಷ್ಟು ಮೊತ್ತ ಎಂದು ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ನಾನು ಕೊಡುತ್ತಿರಲಿಲ್ಲ. ಕೋಲಿನ ಮೇಲೆ ಬರೆದಿರುವುದು ಮೀನಿನ ತೂಕ ಎಂಬುದರಲ್ಲಿ ಇಬ್ಬರಿಗೂ ಅನುಮಾನವೇ ಬರಲಿಲ್ಲ.

"ಏಳುಮಲೈ ಕೊಳದಲ್ಲಿ ಎಷ್ಟು ಕೇಜಿ ಮೀನವೆ?" ಎಂದರು ಮಾವ. ಏಳುಮಲೈ ನನ್ನ ಪಾಲಿಸಿದಾರ. ತಾಂಬರಂನ ಆಚೆ ಇಟ್ಟಿಗೆಗೆ ಮಣ್ಣು ತೆಗೆದ ಹಳ್ಳದಲ್ಲಿ ಮೀನು ಸಾಕಿದ್ದ, ಮಾವ ಅಲ್ಲಿ ಗಾಳ ಹಾಕಬಹುದೆಂದು ಒಪ್ಪಿದ್ದ.

"ಎಂಟು ಕೇಜಿವರೆಗೂ ಇದೆಯಂತೆ."

"ಅಂದ್ರೆ ಹದಿನೇಳು ಹದಿನೆಂಟು ಪೌಂಡಾಯ್ತು." ಮಾವ ಭಾಯ್ ಕಡೆ ತಿರುಗಿದರು. "ಇಪ್ಪತ್ತು ಪೌಂಡಿಂದು ಇಲ್ವಾ?"

ಭಾಯ್ ನಮ್ಮಿಬ್ಬರ ಮುಖವನ್ನೂ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಒಂದೂಮುಕ್ಕಾಲಿನ ಕೋಲನ್ನು ಮುಂದಕ್ಕೆ ತಳ್ಳಿದರು. "ಕುಳತ್ತುಕ್ಕು ಇದು ಪೋದುಂ ಸಾರ್," ಕೊಳಕ್ಕೆ ಇದು ಸಾಕು, ಎಂದರು. ಕಡಿಮೆಯದನ್ನು ದಾಟಿಸಲು ನೋಡುತ್ತಾನೆ ಎಂದು ಮಾವ ನನಗೆ ಕಣ್ಣು ಮಿಟುಕಿಸಿದರು. ನಾನೂ ಮಿಟುಕಿಸಿದೆ. ಅಷ್ಟು ವರ್ಷದ ಮೇಲೆ ಮಾವ ಅಳಿಯ ಒಂದಾದ ಸಂತೋಷದಲ್ಲಿ ಮೂರೂವರೆ ಪೌಂಡಿನ ಕೋಲು, ಒಂದು ರೀಲು, ಒಂದು ಉಂಡೆ ನೈಲಾನ್ ದಾರ ಹಿಡಿದು ಮನೆಗೆ ಬಂದೆವು.

ಆ ಮೊದಲ ಭಾನುವಾರವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸುಜಾತ ಬೆಲ್ಲ ಹಾಕಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಕೊಟ್ಟಿದ್ದಳು. ಗೆಂಡೆಗೆ ಮಂಡ್ಯದ ಕಡೆ ಹಾಕುವುದು ಅದನ್ನೇ. ಏಳುಮಲೈ ಅದನ್ನು ಮೂಸಿ, ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡ. ಮಾವ ಟವೆಲನ್ನು ಹೆಗಲಿಗೆ ಎಸೆದು, ಎಷ್ಟೋ ದಿನದ ಮೇಲೆ ಆ ಬಲಗೈಯನ್ನು ಬಿಸಿಲಿಗೆ ತೆಗೆದರು. ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬೆಂಡಿನ ಹಿಡಿಗೆ ಸುತ್ತಿದರು. ಅರ್ಧ ಗಂಟೆಯಲ್ಲಿ ಮೀನು ಕಚ್ಚಿತು. ಕೋಲು ಬಾಗಲಿಲ್ಲ. ಮೀನು ಎಳೆದ ಏಟು ತುದಿಯಿಂದ ನೇರವಾಗಿ ಬಂದು ಮಾವನ ಮಣಿಕಟ್ಟಿಗೆ ಬಡಿಯಿತು. ಗಾಳ ಮೀನಿನ ತುಟಿ ಕಿತ್ತುಕೊಂಡು ಮೇಲೆ ಹಾರಿತು, ಕೋಲು ಕೈಯಿಂದ ಕಿತ್ತುಕೊಂಡು ನೀರಿಗೆ ಬಿತ್ತು.

ಏಳುಮಲೈ ಕೊಕ್ಕೆ ಹಾಕಿ ಅದನ್ನು ಮೇಲೆಳೆದು ತಂದಾಗ ಮಾವ ಆಗಲೇ ಟವೆಲ್ ಹೊದ್ದುಕೊಂಡಿದ್ದರು. "ಮುಗೀತು ಬುಡಿ, ಅಳಿಯಂದ್ರೆ. ಈ ಕೈ ಮುಗೀತು" ಎಂದರು. ಮನೆಯಲ್ಲಿ ಸುಜಾತ ನಮ್ಮ ಮುಖ ನೋಡಿ ಒಳಗೆ ಹೋದಳು. ಅದು ನೀರು ಬರುವ ಹೊತ್ತಲ್ಲ, ಹಾಗಾಗಿ ಅವಳು ಅತ್ತದ್ದು ನಮಗಿಬ್ಬರಿಗೂ ಕೇಳಿಸಿತು. ನನಗೆ ನನ್ನ ಮೇಲೆಯೇ ರೋಸಿಹೋಯಿತು. ಆ ಕೈಯನ್ನು ಟವೆಲಿನಿಂದ ಹೊರಗೆ ತೆಗೆಸಿದ್ದೂ ನಾನೇ, ಮತ್ತೆ ಒಳಗೆ ಹೋಗುವಂತೆ ಮಾಡಿದ್ದೂ ನಾನೇ. ಡಾಕ್ಟರು ಹೇಳಿದ ತಿಂಗಳುಗಳಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಮಾರನೆಯ ವಾರ ಆಫೀಸಿನಿಂದ ನೇರ ಭಾಯ್ ಅಂಗಡಿಗೆ ಹೋಗಿ ಜಗಳ ತೆಗೆದೆ. ಮೂರೂವರೆ ಪೌಂಡು ಎಂದು ಬರೆದು ಎರಡು ಪೌಂಡಿನ ಮೀನನ್ನೂ ಹಿಡಿಯುವುದಿಲ್ಲವೆಂದರೆ ಏನರ್ಥ ಎಂದು ಕೇಳಿದೆ. ಭಾಯ್ ಒಂದೂಮುಕ್ಕಾಲಿನ ಕೋಲಿನ ಹಿಡಿಯನ್ನು ಮೇಜಿಗೆ ಅಡ್ಡಲಾಗಿ ಬಿಗಿದು, ತುದಿಯ ಬಳೆಯಿಂದ ದಾರ ಇಳಿಬಿಟ್ಟು, ಅದಕ್ಕೆ ಸೀಸದ ಗುಂಡುಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋದರು. ಹತ್ತಿರ ಹತ್ತಿರ ಎಂಟುನೂರು ಗ್ರಾಂ ಆದಾಗ ಕೋಲು ಪೂರ್ತಿ ಬಾಗಿ, ತುದಿ ನೆಟ್ಟಗೆ ನೆಲವನ್ನು ನೋಡಿತು. ಹಿಡಿ ಅಡ್ಡ, ತುದಿ ಉದ್ದ, ಮಧ್ಯೆ ಸರಿಯಾದ ಲಂಬಕೋನ.

"ಎವ್ವಳವು ಆಚ್ಚು?" ಎಂದರು. ಎಂಟುನೂರು ಗ್ರಾಂ, ಅಂದರೆ ಒಂದೂಮುಕ್ಕಾಲು ಪೌಂಡು ಎಂದೆ. ಅಷ್ಟೇ ತೂಕವನ್ನು ಎರಡೂಮುಕ್ಕಾಲಿನ ಕೋಲಿಗೆ ಕಟ್ಟಿದರು. ಅದು ತಲೆ ತಗ್ಗಿಸಿತು, ಆದರೆ ನೆಲ ನೋಡುವಷ್ಟಲ್ಲ. "ಉಂಗಳ್ ಕೊಂಬು ಇನ್ನುಂ ಮೋಸಂ," ನಿಮ್ಮ ಕೋಲು ಇದಕ್ಕಿಂತ ಕೆಟ್ಟದ್ದು, ಇನ್ನೂ ಬಿರುಸು ಎಂದರು.

ಆ ಸಂಖ್ಯೆ ಮೀನಿನ ತೂಕವಲ್ಲ. ಕೋಲನ್ನು ಹಾಗೆ ಲಂಬಕೋನಕ್ಕೆ ಬಾಗಿಸಲು ಬೇಕಾದ ತೂಕ. ಸಂಖ್ಯೆ ದೊಡ್ಡದಾದಷ್ಟೂ ಕೋಲು ಸೆಟೆದುಕೊಂಡಿರುತ್ತದೆ. ಅಗಲವಾದ ಕೆರೆಯಲ್ಲಿ ಭಾರದ ಗುಂಡನ್ನು ದೂರಕ್ಕೆ ಬೀಸಿ ಎಸೆಯುವವರಿಗೆ ಅಂಥದ್ದು ಬೇಕು. ಏಳುಮಲೈಯ ಹಳ್ಳದಲ್ಲಿ ಈ ದಡದಿಂದ ಆ ದಡದವರ ಕೈಗೆ ಎಲೆಅಡಿಕೆ ಕೊಡಬಹುದು. ಅಂಥ ಕಡೆ, ಕಾಲ ಬುಡದಲ್ಲೇ ಒದ್ದಾಡುವ ಮೀನಿಗೆ ಬಾಗುವ ಕೋಲೇ ಸರಿ. ಮೀನು ಎಷ್ಟೇ ದೊಡ್ಡದಾದರೂ ನೀರಿನಲ್ಲಿ ಅದನ್ನು ಯಾರೂ ಎತ್ತುವುದಿಲ್ಲ, ದಣಿಸುತ್ತಾರೆ. ಅದರ ಏಟನ್ನು ಕೋಲು ತಾನು ಬಾಗಿ ತಿನ್ನುತ್ತದೆ, ಹಿಡಿದವನ ಕೈಗೆ ಬಿಡುವುದಿಲ್ಲ.

"ಅನ್ನಿಕ್ಕೇ ಸೊನ್ನೇನ್. ನೀಂಗ ರೆಂಡು ಪೇರುಂ ಕೇಕ್ಕಲೆ" ಎಂದರು ಭಾಯ್. ಅಂದೇ ಹೇಳಿದೆ, ನೀವಿಬ್ಬರೂ ಕೇಳಲಿಲ್ಲ. ನೀರಿಗೆ ಬಿದ್ದ ಕೋಲನ್ನು ವಾಪಸು ತಗೊಳ್ಳುವುದಿಲ್ಲ ಎಂದೂ ಹೇಳಿದರು. ಅದು ಹೀಗೆ ಕಾಯಂ ಆಗಿ ನಮ್ಮ ಮನೆಯ ಜೇಡಗಳ ಪಾಲಿಗೆ ಬಂತು.

ಒಂದೂಮುಕ್ಕಾಲಿನ ಕೋಲು ಕೊಂಡು ತಂದರೆ ಮಾವ ತಿರುಗಿ ನೋಡಲಿಲ್ಲ. ನಾನು ಬಲವಂತ ಮಾಡಲಿಲ್ಲ. ಊಟದ ಮೇಜಿಗೆ ಅದನ್ನು ಬಿಗಿದು, ಸುಜಾತಳ ತಕ್ಕಡಿಯಲ್ಲಿ ಎಂಟುನೂರು ಗ್ರಾಂ ತೊಗರಿಬೇಳೆ ತೂಗಿ, ಚೀಲಕ್ಕೆ ಹಾಕಿ ಕಟ್ಟಿದೆ. ಕೋಲು ಬಾಗಿತು. ಚೀಲ ಮೇಲೆ ಕೆಳಗೆ ತೂಗಾಡಿತು. ಮಾವ ಪೇಪರಿನ ಅಂಚಿನಿಂದ ನೋಡಿದರು. ಪೇಪರ್ ಕೆಳಗಿಟ್ಟರು. ಎದ್ದು ಬಂದರು.

"ಅಯ್ಯೋ ನನ್ ಬುದ್ಧಿಗಿಷ್ಟು!" ಎಂದರು. "ಸ್ಪ್ರಿಂಗು ಕಣ್ರೀ ಇದು! ಬೋಗಿ ಕೆಳಗಡೆ ಇರ್ತದಲ್ಲ, ಅದೇ ಸ್ಪ್ರಿಂಗು. ಹೊರೋಕಲ್ಲ ಕಣ್ರೀ, ಏಟು ತಡಿಯೋಕೆ. ಗೂಡ್ಸಿನ ಸ್ಪ್ರಿಂಗ್ ತಗೊಂಡೋಗಿ ಪ್ಯಾಸೆಂಜರ್ ಗಾಡಿಗೆ ಹಾಕುದ್ರೆ ಜನದ ಸೊಂಟ ಉಳಿತದಾ? ಮೂವತ್ತು ವರ್ಷ ಅದ್ನೇ ನೋಡ್ದೋನು, ಥೂ, ಹೋಗಿ ಹೋಗಿ ವಿಮೆಯೋರ ಮಾತು ಕೇಳ್ದೆ!"

ಇಪ್ಪತ್ತು ಪೌಂಡಿನ ಕೋಲು ಕೇಳಿದ್ದು ನಾನಲ್ಲ. ಆದರೆ ಆ ಹೊತ್ತಿಗೆ ಅದನ್ನು ನೆನಪಿಸಲಿಲ್ಲ. ಕಾಹಿಲೆಯಾದ ಮೇಲೆ ಮಾವ ನನ್ನನ್ನು ಬೈದದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಜಾತ ನಗುತ್ತಿದ್ದಳು. ಬೇಳೆ ವಾಪಸು ಕೊಡಿ, ಸಾರಿಗೆ ಬೇಕು ಎಂದಳು.

ಆ ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಕೊಳದ ದಡದಲ್ಲಿದ್ದೆವು. ಮಾವ ಹಿಡಿಯ ಬುಡವನ್ನು ಸೊಂಟಕ್ಕೆ ಒತ್ತಿಕೊಂಡು, ಎರಡೂ ಕೈ ಸೇರಿಸಿ ಕೋಲು ಹಿಡಿಯುವುದು, ರೀಲು ಸುತ್ತುವುದಕ್ಕೆ ನಾನು ಎಂದು ಒಪ್ಪಂದವಾಗಿತ್ತು. ಎಂಟರ ಹೊತ್ತಿಗೆ ಕಚ್ಚಿತು. ಈ ಸಲ ಕೋಲು ಕಮಾನಾಗಿ ಬಾಗಿತು. ಮೀನು ಆ ಕಡೆ ಓಡಿದರೆ ಅದು ಆ ಕಡೆ ಬಾಗಿತು, ಈ ಕಡೆ ಬಂದರೆ ಈ ಕಡೆ. ರೀಲು ಕಿರ್ರೆಂದು ಕೂಗಿತು. ಮಾವನ ಕೈಗೆ ಏಟು ಬರಲೇ ಇಲ್ಲ. "ಸುತ್ರೀ! ಸುತ್ರೀ!" ಎಂದರು. ಸುತ್ತಿದೆ. "ಬುಡ್ರೀ!" ಎಂದರು. ಬಿಟ್ಟೆ. "ಈಗ್ಯಾಕ್ರೀ ಬುಟ್ರಿ?" ಎಂದರು. ಮೀನು ದಡದ ಕಡೆ ತಿರುಗಿ ದಾರ ಸಡಿಲವಾಯಿತು. ನಾನು ಗಾಬರಿಯಲ್ಲಿ ಹಿಂದುಮುಂದಾಗಿ ಸುತ್ತತೊಡಗಿದೆ.

"ಅತ್ಲಾಗೋಗ್ರೀ! ನಿಮ್ಮ ಕೈಲಾಗೋ ಕೆಲ್ಸ ಅಲ್ಲ ಇದು!"

ಹೀಗೆಂದವರೇ ಎಡಗೈಯಿಂದ ನನ್ನನ್ನು ಪಕ್ಕಕ್ಕೆ ತಳ್ಳಿ, ಅದೇ ಎಡಗೈಯಿಂದ ರೀಲಿನ ಹಿಡಿ ಹಿಡಿದು ಸುತ್ತತೊಡಗಿದರು. ನಾನು ಕೆಸರಿನಲ್ಲಿ ಕೂತೆ. ಕೂತಲ್ಲಿಂದ ನೋಡಿದರೆ ಕೋಲು ಬಲಗೈಯಲ್ಲಿತ್ತು. ಬಲಗೈಯೊಂದರಲ್ಲೇ ಇತ್ತು. ಏಳುಮಲೈಯೂ ನೋಡಿದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಮಾವ ಬೈಯುತ್ತಾ, ಸುತ್ತುತ್ತಾ, ಒಮ್ಮೆ ಸಡಿಲಬಿಟ್ಟು ಮತ್ತೆ ಎಳೆಯುತ್ತಾ, ಮೀನನ್ನು ನಾಲ್ಕು ಮಾರು ದೂರಕ್ಕೆ ತಂದರು. ನೀರಿನಲ್ಲಿ ಹಳದಿ ಹೊಟ್ಟೆ ಮಿಂಚಿತು. ದೊಡ್ಡ ಗೆಂಡೆ. ಆಗ ಕಣ್ಣಿಗೆ ಬೆವರು ಇಳಿಯಿತೆಂದು ಎಡಗೈಯನ್ನು ಮುಖಕ್ಕೆ ಒಯ್ದರು. ಒರೆಸಿಕೊಂಡು ಕೆಳಗೆ ನೋಡಿದರು. ನೋಡಿದವರು ಹಾಗೇ ನಿಂತುಬಿಟ್ಟರು.

ದಾರ ಸಡಿಲವಾಯಿತು. ಮೀನು ತಲೆ ಕೊಡವಿ ಗಾಳ ಬಿಡಿಸಿಕೊಂಡು ಹೋಯಿತು. ಕೋಲು ನೆಟ್ಟಗಾಯಿತು.

"ಮಾವ, ಮೀನು ಹೋಯ್ತು" ಎಂದೆ.

"ಯಾವ ಮೀನು?" ಎಂದರು.

ಆಮೇಲೆ ಅವರು ಗಾಳ ಹಾಕಲಿಲ್ಲ. ಕೋಲನ್ನು ಕೆಳಗೂ ಇಡಲಿಲ್ಲ. ಏಳುಮಲೈ ಎಳನೀರು ಕೆತ್ತಿ ತಂದರೆ ಎಡಗೈಯಲ್ಲಿ ಇಸಿದುಕೊಂಡು ಕುಡಿದರು. ಹೊರಡುವ ಹೊತ್ತಾಯಿತು. ಹನ್ನೆರಡು ಅಡಿಯ ಕೋಲು ಅವನ ವ್ಯಾನಿನಲ್ಲಿ ಹಿಡಿಸುವುದಿಲ್ಲ, ಬಿಚ್ಚಬೇಕು, ಕೊಡಿ ಎಂದೆ.

"ಕೊಡಲ್ಲ."

"ಯಾಕ್ ಮಾವ?"

ನನ್ನ ಮುಖ ನೋಡದೆ ಹೇಳಿದರು: "ಬುಟ್ರೆ ಮತ್ತೆ ಹಿಡೀತದೋ ಇಲ್ವೋ, ಯಾರಿಗ್ಗೊತ್ತು ಅಳಿಯಂದ್ರೆ?"

ಅವರು ಹಿಡಿದಿದ್ದ ಹಾಗೇ ಮೇಲಿನ ಅರ್ಧವನ್ನು ಮಾತ್ರ ತಿರುಗಿಸಿ ಬಿಚ್ಚಿಕೊಂಡೆ. ಕೆಳಗಿನ ಅರ್ಧವನ್ನು ಕಿಟಕಿಯಿಂದ ಹೊರಗೆ ಚಾಚಿಕೊಂಡು ಮಾವ ಮುಂದಿನ ಸೀಟಿನಲ್ಲಿ ಕೂತರು. ತಾಂಬರಂ ದಾಟುವಾಗ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದು ಇದೇನು ಎಂದ. ಏಳುಮಲೈ ಇಳಿದು ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಪೊಲೀಸಿನವನು ಬಂದು ಮಾವನ ಕೈಯನ್ನು ಒಮ್ಮೆ ನೋಡಿ, "ಪೋಂಗ ಪೆರಿಯವರೇ," ಹೋಗಿ ಹಿರಿಯರೇ, ಎಂದು ದಾರಿ ಬಿಟ್ಟ. ವೇಲಚೇರಿಯವರೆಗೂ ನಾವು ಮೂವರೂ ರಸ್ತೆಯನ್ನೇ ನೋಡುತ್ತಿದ್ದೆವು, ಮಾವ ಮಾತ್ರ ತಮ್ಮ ತೊಡೆಯ ಕಡೆ ನೋಡುತ್ತಿದ್ದರು.

ಮೂವರು ಎಂದದ್ದು ತಪ್ಪು, ರಸ್ತೆ ನೋಡುತ್ತಿದ್ದದ್ದು ನಾನು, ಏಳುಮಲೈ ಇಬ್ಬರೇ. ಅವತ್ತಿನ ಲೆಕ್ಕವೆಲ್ಲ ಹಾಗೇ ಇತ್ತು.

ಸುಜಾತ ಬಾಗಿಲು ತೆಗೆದಳು. ಅಪ್ಪನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಮಾವ ಹೊಸಿಲಿನಾಚೆಯೇ ನಿಂತು, ಬಲಗೈಯನ್ನು ಮುಂದಕ್ಕೆ ಚಾಚಿ, "ತಗೋ ಮಗ" ಎಂದರು. ಅವಳು ಕೋಲು ಹಿಡಿದುಕೊಂಡಳು. ಬೆರಳುಗಳು ಬಿಡಲಿಲ್ಲ. ಅವಳು ಎಳೆಯಲಿಲ್ಲ, ಸುಮ್ಮನೆ ಕಾದಳು. ಅವು ನಿಧಾನಕ್ಕೆ, ಒಂದರ ಹಿಂದೊಂದು ಬಿಟ್ಟವು. ಖಾಲಿ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಮಾವ ಅದನ್ನು ನೋಡಿದರು.

"ಕೊಡಿಲ್ಲಿ" ಎಂದರು.

ಕೊಟ್ಟಳು. ಬೆರಳು ಮುಚ್ಚಿಕೊಂಡವು. ಹಿಡಿದವು.

"ತಗೋ" ಎಂದರು. ತಗೊಂಡಳು. "ಕೊಡಿಲ್ಲಿ" ಎಂದರು. ಕೊಟ್ಟಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಎರಡು ಕೈಯೂ ಕೆಲಸದಲ್ಲಿದ್ದರಿಂದ ಒರೆಸಿಕೊಳ್ಳಲು ಆಗುತ್ತಿರಲಿಲ್ಲ. ಮೇಲಿನ ಮನೆಯವರು ಮೆಟ್ಟಿಲಿಳಿದು ಬಂದು, ನಮ್ಮನ್ನು ದಾಟಲಾಗದೆ, ಅವರೂ ನಿಂತರು. ನಾನು ಮಿಕ್ಕ ಅರ್ಧ ಕೋಲು ಹಿಡಿದುಕೊಂಡು ಮಾವನ ಬೆನ್ನ ಹಿಂದೆ ನಿಂತಿದ್ದೆ. ಪ್ಯಾಂಟಿನ ತುಂಬ ಕೆಸರು, ಹೊಟ್ಟೆ ಚುರುಗುಟ್ಟುತ್ತಿತ್ತು, ಒಳಗೆ ಹೋಗಲು ಜಾಗವಿರಲಿಲ್ಲ.

"ತಗೋ ಮಗ" ಎಂದರು ಮಾವ.